ಕರಾರು, ಹಾನಿ, ಆಸ್ತಿ: ನಾವು ತಿಳಿದಿರಬೇಕಾದ ಕಾನೂನು

ಸಂಘದ ಬೆಳ್ಳಿ ಹಬ್ಬದಲ್ಲಿ ಮಾಡಿದ ಉಪನ್ಯಾಸದ ಬರಹರೂಪ



ಇಪ್ಪತ್ತೈದು ವರ್ಷ ಒಂದು ಸಂಘ ನಡೆಸೋದು ಸಣ್ಣ ಮಾತಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಹಚ್ಚಿದ ಸಹಕಾರದ ದೀಪ ಇವತ್ತು ಊರೂರಲ್ಲಿ ಉರಿಯುತ್ತಿದೆ. ಆ ದೀಪಕ್ಕೆ ಎಣ್ಣೆ ಅಂದರೆ ನಂಬಿಕೆ. ಆದರೆ ನಂಬಿಕೆ ಇದ್ದ ಕಡೆಯೂ ಕಾಗದ ಇರುತ್ತದೆ. ಆ ಕಾಗದದ ಅರ್ಥ ತಿಳಿಯದೆ ಸಹಿ ಹಾಕಿದವರು ಕೋರ್ಟಿನ ಕಟ್ಟೆ ಮೇಲೆ ಕೂರುವುದನ್ನು ವಕೀಲರಾದ ನಾವು ದಿನಾ ನೋಡುತ್ತೇವೆ. ಅದಕ್ಕೇ ಇವತ್ತು ಈ ವಿಷಯ ಆರಿಸಿಕೊಂಡಿದ್ದೇನೆ.

ನಮ್ಮ ಸಿವಿಲ್ ಕಾನೂನಿನ ಬೇರು ಬಹುಮಟ್ಟಿಗೆ ಇಂಗ್ಲೆಂಡಿನದು. ಕರಾರು ಕಾಯ್ದೆ 1872ರದ್ದು, ಸ್ವತ್ತು ವರ್ಗಾವಣೆ ಕಾಯ್ದೆ 1882ರದ್ದು. ಬ್ರಿಟಿಷರು ಹೋದರು, ಕಾಯ್ದೆಗಳು ಉಳಿದವು. ಇವುಗಳ ತಿರುಳನ್ನು ಮೂರು ಪ್ರಶ್ನೆಗಳಲ್ಲಿ ಹೇಳಬಹುದು. ನಾನು ಏನು ಒಪ್ಪಿಕೊಂಡಿದ್ದೇನೆ? ನನ್ನಿಂದ ಯಾರಿಗೆ ಹಾನಿ ಆದೀತು? ಈ ಸ್ವತ್ತು ನಿಜವಾಗಿ ಯಾರದ್ದು?

ಮೊದಲನೆಯದು ಕರಾರು. ಒಬ್ಬರು ಕೇಳಬೇಕು, ಇನ್ನೊಬ್ಬರು ಒಪ್ಪಬೇಕು, ಎರಡೂ ಕಡೆ ಕೊಡುಕೊಳ್ಳುವುದು ಇರಬೇಕು. ಇದಕ್ಕೆ ಪ್ರತಿಫಲ ಅನ್ನುತ್ತಾರೆ. ಒಪ್ಪಿಗೆ ಮನಸಾರೆ ಕೊಟ್ಟಿದ್ದಾಗಿರಬೇಕು. ಹೆದರಿಸಿ, ಮೋಸ ಮಾಡಿ ಪಡೆದದ್ದಾಗಬಾರದು. ಭತ್ತದ ವ್ಯಾಪಾರ ಬಾಯಿಮಾತಿನಲ್ಲಿ ಕುದುರಿದರೂ ಅದು ಕರಾರೇ. ಕಷ್ಟ ಬರೋದು ಸಾಬೀತು ಮಾಡುವಾಗ. ಹದಿನೆಂಟು ತುಂಬದವರ ಜೊತೆ ಮಾಡಿದ ಕರಾರು ಮಾತ್ರ ಊರ್ಜಿತವಲ್ಲ. ಕಲ್ಕತ್ತೆಯ ಮೋಹರಿ ಬೀಬಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ 1903ರಲ್ಲೇ ಇದನ್ನು ಹೇಳಿದೆ. ಹುಡುಗನಿಗೆ ಸಾಲ ಕೊಟ್ಟು ಅಡಮಾನ ಬರೆಸಿಕೊಂಡಿದ್ದರೂ ಆ ಅಡಮಾನ ನಿಲ್ಲಲಿಲ್ಲ.

ನಮ್ಮಂಥ ಸಂಘದಲ್ಲಿ ಎಲ್ಲಕ್ಕಿಂತ ಹೆಚ್ಚು ತಿಳಿಯಬೇಕಾದ ಕರಾರು ಜಾಮೀನು. "ಅಣ್ಣಾ, ಒಂದು ಸಹಿ ಹಾಕು, ಸುಮ್ನೆ ನಿಯಮಕ್ಕೆ" ಅಂತಾರೆ. ಸುಮ್ಮನೆ ಹಾಕೋ ಸಹಿ ಅಂತ ಕಾನೂನಿನಲ್ಲಿ ಯಾವುದೂ ಇಲ್ಲ. ಬೇರೆ ರೀತಿ ಬರೆದುಕೊಳ್ಳದಿದ್ದರೆ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. "ಮೊದಲು ಅವನ ಹತ್ತಿರ ವಸೂಲಿ ಮಾಡಿ, ಆಮೇಲೆ ನನ್ನ ಹತ್ತಿರ ಬನ್ನಿ" ಅನ್ನುವಂತಿಲ್ಲ. ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಹಾಗಂತ ಕಾನೂನು ಜಾಮೀನುದಾರನನ್ನು ಪೂರ್ತಿ ಕೈಬಿಟ್ಟಿಲ್ಲ. ಅವನು ಸಾಲ ಕಟ್ಟಿದರೆ ಆ ಹಣವನ್ನು ಸಾಲಗಾರನಿಂದ ಪಡೆಯೋ ಹಕ್ಕಿದೆ. ಸಂಘಕ್ಕೆ ಇದ್ದ ಅಡಮಾನದ ಹಕ್ಕೂ ಅವನಿಗೆ ಬರುತ್ತದೆ. ಆದ್ದರಿಂದ ಕಟ್ಟಿದ ರಶೀದಿಯನ್ನು ಜೋಪಾನ ಮಾಡಿ. ಜಾಮೀನು ನಿಲ್ಲಬೇಡಿ ಅಂತ ನಾನು ಹೇಳ್ತಿಲ್ಲ, ನಿಂತರೆ ಸಂಘವೇ ಇಲ್ಲ. ನಿಮ್ಮ ಕೈಯಲ್ಲಿ ತೀರಿಸಲಾಗದ ಮೊತ್ತಕ್ಕೆ ಮಾತ್ರ ನಿಲ್ಲಬೇಡಿ.

ಎರಡನೆಯದು ಹಾನಿ. ಇಂಗ್ಲಿಷಿನಲ್ಲಿ ಟಾರ್ಟ್ ಅಂತಾರೆ, ಕನ್ನಡದಲ್ಲಿ ಅಪಕೃತ್ಯ ಅನ್ನಬಹುದು. ಇಲ್ಲಿ ಸಹಿಯೂ ಬೇಡ, ಕರಾರೂ ಬೇಡ. ನೆರೆಯವರಿಗೆ ನೋವಾಗದಂತೆ ಬದುಕುವ ಹೊಣೆಯನ್ನು ಕಾನೂನೇ ನಮ್ಮ ಮೇಲೆ ಹೊರಿಸಿದೆ. ನೆರೆಯವರು ಅಂದರೆ ಪಕ್ಕದ ಮನೆಯವರಷ್ಟೇ ಅಲ್ಲ. ನಮ್ಮ ಅಜಾಗರೂಕತೆಯಿಂದ ಯಾರಿಗೆ ಪೆಟ್ಟಾಗಬಹುದು ಅಂತ ಮೊದಲೇ ಊಹಿಸಬಹುದೋ ಅವರೆಲ್ಲರೂ ನೆರೆಯವರೇ. 1932ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಇದನ್ನು ಹೇಳಿದ್ದು ಸ್ಕಾಟ್‌ಲೆಂಡಿನ ಒಂದು ಪಾನೀಯದ ಬಾಟಲಿಯ ವ್ಯಾಜ್ಯದಲ್ಲಿ. ಬಾಟಲಿಯಲ್ಲಿ ಬಸವನಹುಳು ಇತ್ತು ಅಂತ ಕುಡಿದ ಹೆಣ್ಣುಮಗಳ ದೂರು. ಆಕೆ ಅದನ್ನು ಕೊಂಡಿರಲಿಲ್ಲ, ಸ್ನೇಹಿತರು ಕೊಡಿಸಿದ್ದರು. ಕರಾರು ಇಲ್ಲದಿದ್ದರೂ ತಯಾರಕರ ಮೇಲೆ ಆಕೆ ದಾವಾ ಹೂಡಬಹುದು ಅಂತ ತೀರ್ಪಾಯಿತು.

ನಮ್ಮ ಭದ್ರಾ ನಾಲೆಯ ಬಯಲಿಗೆ ಇದನ್ನು ಹೊಂದಿಸಿ ನೋಡಿ. ಒಡೆದ ಬದುವನ್ನು ಕಂಡೂ ಕಟ್ಟದೆ ಬಿಟ್ಟು, ನೀರು ನುಗ್ಗಿ ಪಕ್ಕದವರ ಬೆಳೆ ಹಾಳಾದರೆ ಪರಿಹಾರ ಕೊಡಬೇಕಾದೀತು. ಸಂಘದ ಕೆಲಸದ ಮೇಲೆ ಹೊರಟ ಡ್ರೈವರ್ ಅಜಾಗರೂಕತೆಯಿಂದ ಗಾಡಿ ಓಡಿಸಿ ಯಾರಿಗಾದರೂ ಪೆಟ್ಟಾದರೆ ಸಂಘವೂ ಉತ್ತರ ಹೇಳಬೇಕು. ನೀರು ಬಾರದ ಕೊಳವೆಬಾವಿಯನ್ನು ತೆರೆದು ಬಿಡೋದಂತೂ ಘೋರ ತಪ್ಪು. ಮಣ್ಣು, ಮರಳು, ಕಲ್ಲು ತುಂಬಿ ತಳದಿಂದ ನೆಲಮಟ್ಟದವರೆಗೆ ಮುಚ್ಚಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ಆದೇಶ ಕೊಟ್ಟಿದೆ. ಯಾರದೋ ಮಗುವಿನ ಜೀವ ಅದು.

ಮೂರನೆಯದು ಆಸ್ತಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು. ಪಟ್ಟಣ ಬೆಳೆಯುತ್ತಾ ನಮ್ಮ ಹೊಲ ಗದ್ದೆಗಳ ಅಂಚಿಗೆ ಬಂತು. ಎಕರೆ ಲೆಕ್ಕದಲ್ಲಿದ್ದ ಭೂಮಿ ಸೈಟಿನ ಲೆಕ್ಕಕ್ಕೆ ಬಂದಾಗ ಅಗ್ರಿಮೆಂಟುಗಳ ಸುಗ್ಗಿ. "ಅಡ್ವಾನ್ಸ್ ಕೊಟ್ಟಾಯ್ತು, ಅಗ್ರಿಮೆಂಟ್ ಆಯ್ತು, ಜಾಗ ನಮ್ಮದಾಯ್ತು" ಅಂತ ತಿಳಿಯೋದು ದೊಡ್ಡ ಮೋಸ. ಅಗ್ರಿಮೆಂಟು ಮಾತು ಮಾತ್ರ, ಆಸ್ತಿ ಅಲ್ಲ. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿ ಕೈಬದಲಾಗಬೇಕಾದರೆ ನೋಂದಣಿಯಾದ ಕ್ರಯಪತ್ರ ಬೇಕೇ ಬೇಕು. ಜನರಲ್ ಪವರ್ ಆಫ್ ಅಟಾರ್ನಿ ಬರೆಸಿಕೊಂಡ ಮಾತ್ರಕ್ಕೆ ಮಾಲೀಕತ್ವ ಬರೋದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಹೇಳಿದೆ. ಅಗ್ರಿಮೆಂಟಿನಿಂದ ಸಿಗೋದು, ಕ್ರಯ ಮಾಡಿಕೊಡಿಸಿ ಅಂತ ಕೋರ್ಟನ್ನು ಕೇಳುವ ಹಕ್ಕು. ಅದಕ್ಕೂ 3 ವರ್ಷದ ಗಡುವು. ತಾರೀಖು ಬರೆದಿದ್ದರೆ ಆ ದಿನದಿಂದ ಎಣಿಕೆ, ಬರೆಯದಿದ್ದರೆ ಎದುರಿನವರು ಒಲ್ಲೆ ಅಂದದ್ದು ಗೊತ್ತಾದ ದಿನದಿಂದ.

ಪಹಣಿಯಲ್ಲಿ ಹೆಸರಿದ್ದರೆ ಸಾಕು ಅನ್ನೋರೂ ಇದ್ದಾರೆ. ಪಹಣಿ ಮುಖ್ಯ ದಾಖಲೆ ಹೌದು, ಆದರೆ ಅದು ಕಂದಾಯದ ದಾಖಲೆ. ಅದೊಂದರಿಂದಲೇ ಮಾಲೀಕತ್ವ ಹುಟ್ಟೋದಿಲ್ಲ. ಮೂಲಪತ್ರ ನೋಡಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಅಸಿಂಧು.

ಇನ್ನೊಂದು ಮಾತು, ತಾಯಂದಿರು ಗಮನವಿಟ್ಟು ಕೇಳಬೇಕು. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಗೆ ಇಂಗ್ಲೆಂಡಿನ ಕಾನೂನಲ್ಲ, ಕಲ್ಯಾಣದ ವಿಜ್ಞಾನೇಶ್ವರನ ಮಿತಾಕ್ಷರವೇ ಮೂಲ. ಅದರಲ್ಲಿ ಗಂಡುಮಕ್ಕಳಿಗೆ ಮಾತ್ರ ಇದ್ದ ಹುಟ್ಟುಹಕ್ಕನ್ನು ನಮ್ಮ ರಾಜ್ಯ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೂ ಕೊಟ್ಟಿತು. 2005ರಲ್ಲಿ ಕೇಂದ್ರ ಸರ್ಕಾರ ಎಲ್ಲ ಹೆಣ್ಣುಮಕ್ಕಳಿಗೂ ಕೊಟ್ಟಿತು. ಆ ದಿನ ತಂದೆ ಬದುಕಿರಬೇಕೆಂದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ಆದ ವಿಭಾಗ, ಮಾರಾಟಗಳಿಗೆ ಮಾತ್ರ ಇದರಿಂದ ಧಕ್ಕೆಯಿಲ್ಲ. ಅಣ್ಣತಮ್ಮಂದಿರಷ್ಟೇ ಸಹಿ ಮಾಡಿದ ಪತ್ರ ನಂಬಿ ದುಡ್ಡು ಕೊಟ್ಟರೆ, ನಾಳೆ ಮದುವೆಯಾಗಿ ಹೋದ ಅಕ್ಕತಂಗಿಯರು ಭಾಗ ಕೇಳಿ ದಾವಾ ಹಾಕಬಹುದು. ಅದು ಅವರ ಜಗಳಗಂಟಿತನ ಅಲ್ಲ, ಅವರ ಹಕ್ಕು. ಕೊಳ್ಳುವವರು ಮನೆಮಂದಿಯನ್ನೆಲ್ಲ ಕೇಳಿ, ವಂಶವೃಕ್ಷ ನೋಡಿಯೇ ಮುಂದುವರಿಯಬೇಕು.

ಬಂಧುಗಳೇ, ಕಾನೂನು ಓದಿ ಎಲ್ಲರೂ ವಕೀಲರಾಗಬೇಕಾಗಿಲ್ಲ. ಪತ್ರವನ್ನು ಓದಿಸಿ ಕೇಳಿ, ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ, ನಿಮ್ಮದೊಂದು ಪ್ರತಿ ಇಟ್ಟುಕೊಳ್ಳಿ. ಒಂದು ಗಂಟೆ ತಡವಾದರೆ ವ್ಯಾಪಾರ ಮುರಿಯೋದಿಲ್ಲ. ಅವಸರದ ಸಹಿಯಿಂದ ಎರಡು ತಲೆಮಾರು ಕೋರ್ಟಿಗೆ ಅಲೆದದ್ದುಂಟು. ನಮ್ಮ ಸಂಘವೂ ಸಾಲಪತ್ರ, ಜಾಮೀನು ಪತ್ರಗಳನ್ನು ಸದಸ್ಯರಿಗೆ ಓದಿ ಹೇಳಿಯೇ ಸಹಿ ಪಡೆಯುವ ಪದ್ಧತಿಯನ್ನು ಈ ಬೆಳ್ಳಿ ಹಬ್ಬದ ವರ್ಷದಿಂದ ಗಟ್ಟಿಮಾಡಲಿ ಎಂದು ಕೇಳಿಕೊಳ್ಳುತ್ತೇನೆ.

ಸಂಘ ಚಿನ್ನದ ಹಬ್ಬವನ್ನೂ ಕಾಣಲಿ.