ನೀರಿನ ಲೆಕ್ಕ ಯಾರ ಪೆಟ್ಟಿಗೆಯಲ್ಲಿ?

(ಚಿಂತಾಮಣಿಯಲ್ಲಿ ಸೇರಿದ್ದ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಪಾಠ ಹೇಳುತ್ತಿದ್ದ ಕಾಲದಲ್ಲಿ ನಾವು ಮಕ್ಕಳ ಕೈಬರಹಕ್ಕಿಂತ ಮೊದಲು ಅವರ ಹಲ್ಲನ್ನು ನೋಡಲು ಕಲಿತೆವು. ಹಲ್ಲಿನ ಮೇಲೆ ಕಂದು ಗೆರೆ ಕಂಡರೆ ಆ ಮಗುವಿನ ಕೇರಿಯ ಕೊಳವೆಬಾವಿಯ ಗುಣ ತಿಳಿಯುತ್ತಿತ್ತು. ಫ್ಲೋರೈಡ್ ಕಣ್ಣಿಗೆ ಕಾಣದು, ನಾಲಿಗೆಗೆ ತಿಳಿಯದು, ಕುದಿಸಿದರೆ ಹೋಗದು. ಬೇರೆ ನೀರಿಲ್ಲದ ಕಡೆ ಕೂಡ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ಸರ್ಕಾರದ ಮಾನದಂಡವೇ ಹೇಳುತ್ತದೆ. ಮೀರಿದ ನೀರನ್ನು ಕುಡಿದ ಹಳ್ಳಿಗಳು ನಮ್ಮ ಜಿಲ್ಲೆಯಲ್ಲಿ ಒಂದೆರಡಲ್ಲ.

ಒಮ್ಮೆ ಶಾಲೆಯ ಬಳಿಯ ಬಾವಿಯ ನೀರನ್ನು ಎರಡು ಸೀಸೆಗಳಲ್ಲಿ ತುಂಬಿ ಪರೀಕ್ಷೆಗೆ ಕೊಟ್ಟು ಬಂದೆವು. ಮೂರು ಸಲ ಅಲೆದರೂ ಫಲಿತಾಂಶದ ಕಾಗದ ಸಿಗಲಿಲ್ಲ. “ಮೇಲಕ್ಕೆ ಕಳಿಸಿದ್ದೇವೆ” ಎಂದರು. ನೀರು ಕುಡಿಯುವವರು ಕೆಳಗೇ ಇದ್ದರಲ್ಲ, ಸ್ವಾಮಿ!

ಈಚೆಗೆ ಬ್ಲಾಕ್‌ಚೈನ್ ಎಂಬ ಮಾತು ಎಲ್ಲರ ಬಾಯಲ್ಲಿದೆ. 2008ರಲ್ಲಿ ಬಿಟ್‌ಕಾಯಿನ್ ಎಂಬ ಹಣದ ಲೆಕ್ಕಕ್ಕಾಗಿ ಹೊರಬಂದ ವಿದ್ಯೆ ಇದು. ಸಟ್ಟಾ ವ್ಯಾಪಾರಿಗಳ ಸಹವಾಸದಿಂದ ಕೆಟ್ಟ ಹೆಸರನ್ನೂ ಪಡೆದಿದೆ. ಆದರೆ ಅದರ ತಿರುಳು ನಮ್ಮ ತಾಯಂದಿರಿಗೆ ಹೊಸದಲ್ಲ. ಚೀಟಿಯ ಲೆಕ್ಕ ಸಾಹುಕಾರನೊಬ್ಬನ ಪುಸ್ತಕದಲ್ಲಿದ್ದರೆ ಅವನು ಬರೆದದ್ದೇ ಸಾಲ. ಅದೇ ಲೆಕ್ಕದ ಪ್ರತಿ ಇಪ್ಪತ್ತು ಮನೆಗಳಲ್ಲಿದ್ದರೆ ಒಬ್ಬನು ರಾತ್ರಿ ಕೂತು ತಿದ್ದಿ ಪ್ರಯೋಜನವಿಲ್ಲ. ಜೊತೆಗೆ, ಒಂದು ಪುಟದ ಮೊತ್ತವನ್ನು ಮುಂದಿನ ಪುಟದ ತಲೆಗೆ ಬರೆಯುವಂತೆ, ಇಲ್ಲಿ ಪ್ರತಿ ಪುಟವೂ ಹಿಂದಿನ ಪುಟದ ಗುರುತನ್ನು ಹೊತ್ತಿರುತ್ತದೆ. ಹಳೆಯ ಒಂದು ಅಂಕಿ ಬದಲಾದರೆ ಅಲ್ಲಿಂದ ಮುಂದಿನ ಗುರುತುಗಳೆಲ್ಲ ತಾಳೆ ತಪ್ಪುತ್ತವೆ.

2019ರಲ್ಲಿ ಆರಂಭವಾದ ಜಲಜೀವನ ಮಿಷನ್ನಿನಲ್ಲಿ ಹಳ್ಳಿಯ ಹೆಂಗಸರಿಗೇ ಪರೀಕ್ಷೆಯ ಕಿಟ್ಟು ಕೊಟ್ಟು, ಫಲಿತಾಂಶವನ್ನು ಜಾಲತಾಣಕ್ಕೆ ಏರಿಸುವ ಏರ್ಪಾಡು ಬಂತು. ಒಳ್ಳೆಯ ಕೆಲಸ, ವಿರೋಧ ಪಕ್ಷದವರಾದ ಮಾತ್ರಕ್ಕೆ ಅಲ್ಲಗಳೆಯುವುದಿಲ್ಲ. ಆದರೆ ಏರಿಸಿದ ಅಂಕಿಯ ಕೀಲಿಕೈ ಒಂದೇ ಕಡೆ ಇರುವುದೇಕೆ? ಪಂಚಾಯಿತಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಕಾಲೇಜು, ಮಹಿಳಾ ಸಂಘ, ಇಷ್ಟು ಕಡೆ ಪ್ರತಿ ಇರಲಿ. ಹೆಬ್ಬಾಳ–ನಾಗವಾರ ಕಣಿವೆಯಿಂದ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಮೂರನೆಯ ಹಂತ ಬೇಕೆಂದು ರೈತರು ಕೇಳುತ್ತಲೇ ಬಂದಿದ್ದಾರೆ. ಒಬ್ಬರು ಚೆನ್ನಾಗಿದೆ ಎನ್ನುತ್ತಾರೆ, ಇನ್ನೊಬ್ಬರು ವಿಷ ಎನ್ನುತ್ತಾರೆ. ಕೆರೆವಾರು, ತಿಂಗಳುವಾರು ಅಂಕಿ ಎಲ್ಲರ ಮುಂದಿದ್ದರೆ ಈ ಜಗಳ ಅಂಕಿಯ ಮೇಲೆ ನಡೆದೀತು.

ಆದರೆ ಯಂತ್ರವನ್ನು ದೇವರೆಂದು ನಂಬುವವರಿಗೆ ಎರಡು ಮಾತು. ಬಾವಿಯ ಬಳಿಗೇ ಹೋಗದೆ ಕೂತಲ್ಲೇ ಅಂಕಿ ಬರೆದರೆ ಬ್ಲಾಕ್‌ಚೈನ್ ಆ ಸುಳ್ಳನ್ನೇ ಭದ್ರವಾಗಿ ಕಾಯುತ್ತದೆ. ಎರಡನೆಯದು ಇನ್ನೂ ಮುಖ್ಯ. ಅಳಿಸಲಾಗದ ಪುಸ್ತಕದಲ್ಲಿ ಮನುಷ್ಯನ ಹೆಸರು ಬರೆಯಬಾರದು. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಹೆಣ್ಣುಮಗಳಿಗೆ ಕ್ಷಯವಿದೆಯೆಂಬ ಸಂಗತಿ ನಾಲ್ಕು ಕಡೆ ಹರಡಿದರೆ ಅವಳ ಕೂಲಿ ಹೋಗುತ್ತದೆ, ತಂಗಿಯ ಮದುವೆ ನಿಲ್ಲುತ್ತದೆ. ಎಸ್ಟೋನಿಯಾ ದೇಶ 2008ರಿಂದ ಆರೋಗ್ಯ ದಾಖಲೆಗಳನ್ನು ದೇಶಕ್ಕೆಲ್ಲ ಒಂದೇ ಜಾಲದಲ್ಲಿಟ್ಟಿದೆ. ಅಲ್ಲಿಯೂ ರೋಗಿಯ ಕಾಗದವನ್ನು ಸರಪಳಿಗೆ ಹಾಕಿಲ್ಲ. ಅದನ್ನು ಯಾರೂ ಗುಟ್ಟಾಗಿ ತಿದ್ದದಂತೆ ಕಾಯುವುದಕ್ಕಷ್ಟೇ ಈ ಬಗೆಯ ವಿದ್ಯೆಯನ್ನು ಬಳಸಿದೆ. ತನ್ನ ಕಾಗದವನ್ನು ಯಾರು ತೆರೆದು ನೋಡಿದರೆಂಬುದನ್ನು ರೋಗಿಯೇ ನೋಡಬಹುದು. ನಮ್ಮಲ್ಲಿ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಬಂದಿದೆ. ಅದನ್ನು ಓದಿದವರು ಈ ಸಭೆಯಲ್ಲಿ ಎಷ್ಟು ಮಂದಿಯೋ. ಬಾವಿಯ ಅಂಕಿ ಬೀದಿಗೆ ಬರಲಿ, ರೋಗಿಯ ಹೆಸರು ಮನೆಯಲ್ಲಿರಲಿ ಎಂಬುದು ನಮ್ಮ ಬೇಡಿಕೆ.

ಯಂತ್ರ ಬರುವವರೆಗೆ ಕಾಯಬೇಕಿಲ್ಲ. ಪ್ರತಿ ಬಾವಿಯ ಬಳಿ ಫಲಿತಾಂಶವನ್ನೂ ತಾರೀಖನ್ನೂ ಸುಣ್ಣದ ಗೋಡೆಯ ಮೇಲೆ ಬರೆಸೋಣ. ಪ್ರತಿಯನ್ನು ಮೂರು ಮನೆಗಳಲ್ಲಿಡೋಣ. ಗೌರಿಬಿದನೂರಿನ ಗೆಳೆಯರು ತಮ್ಮ ಬಾವಿಗಳ ಪಟ್ಟಿ ತಂದಿದ್ದಾರೆ. ಶಿಡ್ಲಘಟ್ಟದ್ದು ಇನ್ನೂ ಬರಬೇಕು.