ಸಮವಸ್ತ್ರ ಕಳಚಿದ ಮೇಲೆ



ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ಕಡೆಯ ಅನೇಕ ಊರುಗಳಲ್ಲಿ ‘ಮಿಲಿಟರಿಯವರ ಮನೆ’ ಎಂದು ಕರೆಸಿಕೊಳ್ಳುವ ಮನೆಯೊಂದಿರುತ್ತದೆ. ಸೇನೆಯಿಂದ ಊರಿಗೆ ಮರಳಿದವರ ಪಿಂಚಣಿ, ಜಮೀನು, ಹೊಸ ಕೆಲಸದ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ. ಅವರೊಂದಿಗೆ ಮರಳಿ ಬರುವ ಹಕ್ಕುಗಳ ಬಗ್ಗೆ ಕೇಳುವವರು ಕಡಿಮೆ.

ಸಂವಿಧಾನದ 33ನೇ ವಿಧಿಯ ಪ್ರಕಾರ ಸಂಸತ್ತು ಸೈನಿಕರ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸಬಹುದು. ಸಂಘ ಕಟ್ಟಲು, ಪತ್ರಿಕೆಗೆ ಬರೆಯಲು 1950ರ ಸೇನಾ ಕಾಯ್ದೆಯಡಿ ನಿರ್ಬಂಧಗಳಿವೆ. ಸಂವಿಧಾನಕ್ಕೆ ನಿಷ್ಠನಾಗಿರುವೆನೆಂದು ಪ್ರಮಾಣ ಮಾಡಿದವನೇ ಅದು ಕೊಟ್ಟ ಕೆಲವು ಹಕ್ಕುಗಳನ್ನು ಬದಿಗಿಟ್ಟು ದುಡಿಯುತ್ತಾನೆ. ನಿವೃತ್ತಿಯೊಂದಿಗೆ ಅವು ಮರಳುತ್ತವೆ. ಅವುಗಳನ್ನು ಬಳಸುವುದು ಹೇಗೆ? ಮೈಸೂರಿನಲ್ಲಿ ನೆಲೆಸಿದ ಮೇಜರ್ ಜನರಲ್ ಎಸ್.ಜಿ. ಒಂಬತ್ಕೆರೆ ಅವರ ಬದುಕು ಇದಕ್ಕೊಂದು ಉತ್ತರ.

ಅವರು ಎಂಜಿನಿಯರ್, ಮದ್ರಾಸಿನ ಐಐಟಿಯಿಂದ ಪಿಎಚ್.ಡಿ. ಪಡೆದವರು. ಲಡಾಖಿನ ಸೇವೆಗಾಗಿ 1993ರಲ್ಲಿ ವಿಶಿಷ್ಟ ಸೇವಾ ಪದಕ ಬಂತು. 1996ರಲ್ಲಿ ನಿವೃತ್ತರಾದಾಗ ಸೇನಾ ಪ್ರಧಾನ ಕಚೇರಿಯಲ್ಲಿ ಶಿಸ್ತು ಮತ್ತು ಜಾಗೃತಿ ವಿಭಾಗದ ಹೆಚ್ಚುವರಿ ಮಹಾನಿರ್ದೇಶಕರಾಗಿದ್ದರು. ಅನಂತರ ಮೈಸೂರು ಗ್ರಾಹಕರ ಪರಿಷತ್ತಿನ ಸ್ವಯಂಸೇವಕರಾದರು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಿಂದ ಮೈಸೂರಿಗೆ ಬರುತ್ತಿದ್ದ ವಿದ್ಯಾರ್ಥಿಗಳಿಗೆ ವಿಜ್ಞಾನ, ತಂತ್ರಜ್ಞಾನ ಮತ್ತು ಸುಸ್ಥಿರ ಅಭಿವೃದ್ಧಿಯ ಪಾಠ ಹೇಳಿದರು.

ಊರಿನ ಕೆಲಸ ಅವರನ್ನು ಸುಪ್ರೀಂ ಕೋರ್ಟಿನವರೆಗೂ ಕರೆದೊಯ್ದಿತು. 2013ರಲ್ಲಿ, ಕೆಜಿಎಫ್‌ನಲ್ಲಿ ಹುಟ್ಟಿ ಮಲಹೊರುವ ಪದ್ಧತಿಯ ವಿರುದ್ಧ ಹೋರಾಡಿದ ಬೆಜವಾಡ ವಿಲ್ಸನ್ ಅವರೊಂದಿಗೆ ಆಧಾರ್ ಯೋಜನೆಯನ್ನು ಪ್ರಶ್ನಿಸಿದರು. ಈ ಬಗೆಯ ಅರ್ಜಿಗಳಲ್ಲಿ ಮೊದಲನೆಯದನ್ನು 2012ರಲ್ಲಿ ಸಲ್ಲಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಸಾರಿದರು. 2018ರ ತೀರ್ಪು ಆಧಾರ್ ಕಾಯ್ದೆಯನ್ನು ಬಹುಮಟ್ಟಿಗೆ ಎತ್ತಿಹಿಡಿದರೂ, ಬ್ಯಾಂಕ್ ಖಾತೆಗೂ ಮೊಬೈಲಿಗೂ ಅದು ಕಡ್ಡಾಯವಲ್ಲ ಎಂದಿತು.

2021ರಲ್ಲಿ ಅವರು ಪ್ರಶ್ನಿಸಿದ್ದು ರಾಜದ್ರೋಹದ ಕಾನೂನನ್ನು. 1870ರಲ್ಲಿ ಬ್ರಿಟಿಷರು ದಂಡ ಸಂಹಿತೆಗೆ ಸೇರಿಸಿದ 124ಎ ಕಲಮು ತಿಲಕರನ್ನೂ ಗಾಂಧೀಜಿಯವರನ್ನೂ ಸೆರೆಮನೆಗೆ ಕಳಿಸಿತ್ತು. ಹಿಂಸೆಗೆ ಪ್ರಚೋದಿಸುವ ಮಾತಿಗಷ್ಟೇ ಅದು ಅನ್ವಯವೆಂದು 1962ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರೂ, ಕಲಮಿನ ಅಸ್ಪಷ್ಟ ಪದಗಳು ಜನ ಬಾಯಿ ತೆರೆಯಲು ಅಂಜುವಂತೆ ಮಾಡುತ್ತವೆ ಎಂಬುದು ಅವರ ವಾದ. ದೇಶಕ್ಕಾಗಿ ಬದುಕನ್ನೇ ಸವೆಸಿದವರ ಅರ್ಜಿಗೆ ದುರುದ್ದೇಶ ಅಂಟಿಸಲಾಗದು ಎಂಬರ್ಥದ ಮಾತನ್ನು ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಆಡಿದರು.

2022ರ ಮೇ 11ರಂದು ಆ ಕಲಮಿನಡಿಯ ಪ್ರಕರಣಗಳನ್ನು ನ್ಯಾಯಾಲಯ ತಡೆಹಿಡಿಯಿತು. 2023ರಲ್ಲಿ ವಿಷಯವನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು. 2024ರ ಜುಲೈ 1ರಂದು ಹಳೆಯ ಸಂಹಿತೆಯ ಜಾಗಕ್ಕೆ ಹೊಸದು ಬಂದಿತು. ಅದರ 152ನೇ ಕಲಮಿನಲ್ಲಿ ‘ರಾಜದ್ರೋಹ’ ಎಂಬ ಪದವಿಲ್ಲ; ದೇಶದ ಸಾರ್ವಭೌಮತೆ, ಏಕತೆಗಳಿಗೆ ಅಪಾಯ ತರುವ ಕೃತ್ಯಗಳ ಮಾತಿದೆ. ಇದರ ಎಲ್ಲೆ ಯಾವುದೆಂಬ ಚರ್ಚೆ ಮುಂದುವರಿದಿದೆ.

ಸರ್ಕಾರವನ್ನು ಪ್ರಶ್ನಿಸುವುದು ದೇಶವನ್ನು ಎದುರಿಸಿದಂತೆ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ ಸೈನಿಕ ಪ್ರಮಾಣ ಮಾಡುವುದು ಸಂವಿಧಾನಕ್ಕೆ, ಆಳುವ ಪಕ್ಷಕ್ಕಲ್ಲ. ಗಡಿಯಲ್ಲಿ ಅದು ಆಜ್ಞಾಪಾಲನೆಯಾಗಿ ಕಾಣುತ್ತದೆ, ಊರಿಗೆ ಮರಳಿದ ಮೇಲೆ ಪ್ರಶ್ನೆಯಾಗಿಯೂ ಕಾಣಬಹುದು. ‘ಮಿಲಿಟರಿಯವರ ಮನೆ’ಯ ಹಿರಿಯರು ಗ್ರಾಮಸಭೆಯಲ್ಲಿ ಎದ್ದುನಿಂತು ಲೆಕ್ಕ ಕೇಳಿದರೆ, ಅದೂ ಅದೇ ಪ್ರಮಾಣದ ಪಾಲನೆ.