ಕಾನ್ಹೇರಿ ಗುಡ್ಡದ ಕಾಲುದಾರಿ
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ದಿನ ನಾವು ಆಡಬೇಕೆಂದಿರುವ ಮಾತು ಕಾಡಿನಲ್ಲಿ ನಡೆಯುವ ವಿಷಯ. ಗಿರಣಿಯಲ್ಲಿ ಲೆಕ್ಕ ಬರೆಯುವವರಿಗೆ, ಕಚೇರಿಯ ಗುಮಾಸ್ತರಿಗೆ, ಹೋಟೆಲಿನಲ್ಲಿ ದುಡಿಯುವವರಿಗೆ ಕಾಡಿನ ಗೊಡವೆ ಏಕೆಂದು ತಾವು ಕೇಳಬಹುದು. ವಾರವೆಲ್ಲ ಲೋಕಲ್ ಗಾಡಿಯಲ್ಲಿ ನಿಂತು ಕಾಲು ಸೋತಿರುವಾಗ ರಜೆಯ ದಿನವೂ ನಡೆಯಬೇಕೆ ಎಂದೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಉತ್ತರ ಇಷ್ಟು: ಈ ಮುಂಬಯಿಗೆ ಮೊದಲು ನಲ್ಲಿಯ ನೀರು ಬಂದದ್ದು ಒಂದು ಗುಡ್ಡದ ಮಡಿಲಿನಿಂದ. ಮಳೆಗಾಲದಲ್ಲಿ ನಮ್ಮ ಓಣಿಗಳಿಗೆ ನುಗ್ಗುವ ನೀರಿನ ಒಂದು ಪಾಲೂ ಅದೇ ಗುಡ್ಡದಿಂದ ಇಳಿಯುತ್ತದೆ. ಆ ಗುಡ್ಡವನ್ನು ಕಾಲಿನಿಂದ ನಡೆದು ತಿಳಿಯುವುದು ಶೋಕಿಯಲ್ಲ. ಈ ಊರಿನಲ್ಲಿ ಅನ್ನ ತಿನ್ನುವವರು ಮಾಡಬೇಕಾದ ಒಂದು ಸಣ್ಣ ಕರ್ತವ್ಯ.

ನಾವು ಹೇಳುತ್ತಿರುವುದು ಬೋರಿವಲಿಯ ರಾಷ್ಟ್ರೀಯ ಉದ್ಯಾನದ ಮಾತು. ಮೊದಲು ಕೃಷ್ಣಗಿರಿ ಎಂದೂ ಆಮೇಲೆ ಬೋರಿವಲಿ ಉದ್ಯಾನವೆಂದೂ ಕರೆಯುತ್ತಿದ್ದರು; ಈಗಿನ ಹೆಸರು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ಉದ್ಯಾನವೆಂದ ಕೂಡಲೆ ಹೂವಿನ ಮಡಿ, ಕಲ್ಲಿನ ಬೆಂಚು ನೆನೆಯಬೇಡಿ. ಸುಮಾರು 104 ಚದರ ಕಿಲೋಮೀಟರಿನ ಗುಡ್ಡಗಾಡು ಅದು. ಮುಂಬಯಿಯ ಉಪನಗರಗಳೂ ಠಾಣೆಯೂ ಅದನ್ನು ಒತ್ತಿಕೊಂಡು ನಿಂತಿವೆ. ಅತ್ಯಂತ ಎತ್ತರದ ಜಾಂಬೂಳಮಾಳ ಸಮುದ್ರಮಟ್ಟದಿಂದ ಸುಮಾರು 480 ಮೀಟರ್. ನಮ್ಮ ಮಲೆನಾಡಿನ ಕಡೆಯವರು ಇದೂ ಒಂದು ಬೆಟ್ಟವೆ ಎಂದು ನಗಬಹುದು. ಆದರೆ ಇಲ್ಲಿ ಏರು ಶುರುವಾಗುವುದು ಕಡಲ ಮಟ್ಟದಿಂದಲೇ. ಬಿಸಿಲು ಏರಿದ ಮೇಲೆ ಹತ್ತಿ ನೋಡಿದರೆ ನಗು ತಾನಾಗಿ ನಿಲ್ಲುತ್ತದೆ.

ಅಲ್ಲಿ ನಡೆಯುವ ದಾರಿ ಎರಡು ಬಗೆ. ಒಂದು, ಬೋರಿವಲಿಯ ಹೆಬ್ಬಾಗಿಲಿನಿಂದ ಕಾನ್ಹೇರಿ ಗುಹೆಗಳ ತನಕ ಹೋಗುವ ಡಾಂಬರು ರಸ್ತೆ. ಆರೇಳು ಕಿಲೋಮೀಟರ್ ದೂರ. ಬಾಗಿಲಿನಲ್ಲಿ ಚೀಟಿ ಕೊಂಡರೆ ಸಾಕು. ಮಕ್ಕಳೂ ಮುದುಕರೂ ಇಷ್ಟಿಷ್ಟೇ ನಡೆದು ಹೋಗಬಹುದು, ಬಸ್ಸೂ ಉಂಟು. ಇನ್ನೊಂದು ಬಗೆ ಕಾಡಿನೊಳಗಿನ ಕಾಲುದಾರಿಗಳು. ಶಿಲೋಂಡಾ ದಾರಿ ಹಳ್ಳದ ಜಾಡು ಹಿಡಿದು ಸಾಗುತ್ತದೆ. ಜಾಂಬೂಳಮಾಳಕ್ಕೆ ಏರುವ ದಾರಿಯ ತುದಿಯಲ್ಲಿ ನಿಂತರೆ ಕೆರೆಗಳೂ ಊರಿನ ಮಾಳಿಗೆಗಳೂ ಒಟ್ಟಿಗೆ ಕಾಣುತ್ತವೆ. ಉತ್ತರದಲ್ಲಿ ವಸಯಿ ಖಾಡಿಯ ಆಚೆಗಿರುವ ನಾಗ್ಲಾ ಭಾಗದ ದಾರಿ ಉಪ್ಪುನೀರಿನ ದಡಕ್ಕೆ ಇಳಿಯುತ್ತದೆ. ಈ ಒಳದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ದಾರಿ ಬಲ್ಲವರು ಜೊತೆಗಿರಬೇಕು. ಉದ್ಯಾನದ ನಿಸರ್ಗ ಮಾಹಿತಿ ಕೇಂದ್ರದಲ್ಲಿ ವಿಚಾರಿಸಬಹುದು. 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರ ಶಿಕ್ಷಣ ಕೇಂದ್ರವೊಂದು ಗೋರೆಗಾಂವ್ ಕಡೆಯಲ್ಲಿ ಇದೆ. ಅಲ್ಲಿಂದಲೂ ತಿಳಿದವರು ಜನರನ್ನು ಕರೆದೊಯ್ದು ಗಿಡಮರ ತೋರಿಸುತ್ತಾರೆ.

ಇನ್ನು ನೋಡುವುದೇನನ್ನು? ಮೊದಲು ನೀರನ್ನು ನೋಡಿರಿ. ಕಾಡಿನ ನಡುವೆ ಎರಡು ಕೆರೆಗಳುಂಟು, ವಿಹಾರ ಮತ್ತು ತುಳಸಿ. 1850ರ ದಶಕದಲ್ಲಿ ಊರಿನ ಬಾವಿ ಕುಂಟೆಗಳು ಬತ್ತಿ ಜನ ನೀರಿಗಾಗಿ ಕಷ್ಟಪಟ್ಟರು. ಆಗ ಮಿಠಿ ನದಿಯ ಮೇಲ್ಕಣಿವೆಗೆ ಒಡ್ಡು ಹಾಕಿ 1860ರಲ್ಲಿ ವಿಹಾರ ಕೆರೆಯನ್ನು ಮುಗಿಸಿದರು. ಕೊಳವೆಯ ನೀರು ಊರು ಸೇರಿತು. 1879ರಲ್ಲಿ ತುಳಸಿ ಕೆರೆ ಆಯಿತು. ಈಗ ಊರು ಬೆಳೆದು ನೀರಿನ ಬಹುಪಾಲು ದೂರದ ವೈತರಣಾ, ಭಾತಸಾ ನದಿಗಳಿಂದ ಬರುತ್ತದೆ. ಆದರೂ ಈ ಎರಡು ಕೆರೆಗಳು ಇಂದಿಗೂ ತಮ್ಮ ಪಾಲು ಕೊಡುತ್ತಲೇ ಇವೆ.

ದಹಿಸರ, ಪೊಯಿಸರ, ಓಶಿವರಾ, ಮಿಠಿ, ಈ ನಾಲ್ಕೂ ನದಿಗಳು ಈ ಗುಡ್ಡಸಾಲಿನಲ್ಲೇ ಹುಟ್ಟುತ್ತವೆ. ನಮ್ಮಲ್ಲಿ ಬಹಳ ಜನ ಅವನ್ನು ನದಿಯೆಂದು ಅರಿಯರು, ನಾಲೆ ಎನ್ನುತ್ತಾರೆ. ಮೇಲೆ ಕಾಡಿನಲ್ಲಿ ಅವೇ ನೀರುಗಳು ತಿಳಿಯಾಗಿ ಕಲ್ಲಿನ ಮೇಲೆ ಹರಿಯುವುದನ್ನು ಕಂಡರೆ, ಕೆಳಗೆ ಅವಕ್ಕೆ ನಾವು ಮಾಡಿರುವ ಗತಿ ಏನೆಂಬುದು ಯಾರೂ ಹೇಳದೆಯೇ ತಿಳಿಯುತ್ತದೆ. ಮರದ ಎಲೆ ಮಳೆಯ ಹೊಡೆತ ತಡೆಯುತ್ತದೆ. ಉದುರಿದ ತರಗು ನೀರನ್ನು ಹಿಡಿದು ಮೆಲ್ಲನೆ ಮಣ್ಣಿಗೆ ಇಳಿಸುತ್ತದೆ. ಬೋಳು ಇಳಿಜಾರಿನಲ್ಲಿ ಅದೇ ನೀರು ಮಣ್ಣನ್ನೂ ಹೊತ್ತು ಒಮ್ಮೆಗೆ ಧಾವಿಸುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆಯಾಯಿತು. ಅಂಥ ಮಳೆಯನ್ನು ಯಾವ ಕಾಡೂ ಪೂರ್ತಿ ಹಿಡಿಯಲಾರದು, ನಿಜ. ಆದರೆ ಮಿಠಿ ನದಿಯ ಪಾತ್ರವನ್ನು ಕಸದಿಂದಲೂ ಕಟ್ಟಡಗಳಿಂದಲೂ ಇಕ್ಕಟ್ಟು ಮಾಡಿದ್ದರಿಂದ ನೀರಿಗೆ ಹೋಗಲು ಹಾದಿ ಸಿಗಲಿಲ್ಲ. ಮುಳುಗಿದ್ದು ಯಾರ ಮನೆಗಳು? ತಗ್ಗಿನಲ್ಲಿ ವಾಸಿಸುವ ನಮ್ಮಂಥವರವೇ ಹೆಚ್ಚು. ಆದ್ದರಿಂದ ಗುಡ್ಡದ ಮರ ಉಳಿಯಿತೇ ಎಂಬುದು ನಮ್ಮ ಹೊಸ್ತಿಲಿನ ಪ್ರಶ್ನೆ.

ನೀರಿನ ಜಾಣ್ಮೆಯನ್ನು ಅರಿಯಬೇಕಾದರೆ ಕಾನ್ಹೇರಿಗೆ ಹತ್ತಿರಿ. ಆರೂವರೆ ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದು ಗಟ್ಟಿಯಾದ ಕರಿಕಲ್ಲನ್ನು ಕೊರೆದು ಬೌದ್ಧ ಭಿಕ್ಷುಗಳು ಅಲ್ಲಿ ನೂರಕ್ಕೂ ಹೆಚ್ಚು ಗುಹೆಗಳನ್ನು ಮಾಡಿಕೊಂಡರು. ಸುಮಾರು ಸಾವಿರ ವರ್ಷ ಅಲ್ಲಿ ವಸತಿ ನಡೆಯಿತು. ಗುಹೆಗುಹೆಯ ಮಗ್ಗುಲಲ್ಲಿ ಕಲ್ಲಿನ ತೊಟ್ಟಿಗಳುಂಟು. ಬಂಡೆಯ ಮೇಲೆ ಸಣ್ಣ ಕಾಲುವೆ ಕೊರೆದು ನಾಲ್ಕು ತಿಂಗಳ ಮಳೆಯನ್ನು ಎಂಟು ತಿಂಗಳಿಗೆ ಕೂಡಿಟ್ಟರು. ನಲ್ಲಿಯ ಮುಂದೆ ಸಾಲು ನಿಂತು ಕೊಡ ತುಂಬಿಸುವ ನಮ್ಮ ತಾಯಂದಿರಿಗೆ ಆ ತೊಟ್ಟಿಗಳ ಬೆಲೆ ವಿವರಿಸಬೇಕಾಗಿಲ್ಲ.

ಅಲ್ಲಿ ನಮಗೆ, ಕನ್ನಡಿಗರಿಗೆ, ನಿಂತು ನೋಡತಕ್ಕ ಒಂದು ವಸ್ತುವಿದೆ. ಹನ್ನೊಂದನೆಯ ಗುಹೆಗೆ ದರ್ಬಾರು ಗುಹೆಯೆಂದು ಹೆಸರು. ಅದರ ಶಾಸನಗಳಲ್ಲೊಂದು ಶಕ 775ರದು, ಎಂದರೆ ಕ್ರಿ.ಶ. 853ರ ಸುಮಾರಿನದು. ಭಾಷೆ ಸಂಸ್ಕೃತ, ಕಾಲ ನಮ್ಮ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನದು. ‘ಕವಿರಾಜಮಾರ್ಗ’ ಹುಟ್ಟಿದ್ದು ಈತನ ಆಸ್ಥಾನದಲ್ಲೇ. ಅವನ ಸಾಮಂತ ಶಿಲಾಹಾರ ಕಪರ್ದಿ ಆಗ ಕೊಂಕಣವನ್ನು ಆಳುತ್ತಿದ್ದನು. ಶಾಸನದಲ್ಲಿ ಹೇಳಿರುವುದೇನು? ವಿಹಾರದ ದುರಸ್ತಿಗೆಂದು ದತ್ತಿ, ಪುಸ್ತಕ ಕೊಳ್ಳುವುದಕ್ಕೆಂದು ದತ್ತಿ! ಸಾವಿರದ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಈ ಗುಡ್ಡದ ಮೇಲೆ ಪುಸ್ತಕಕ್ಕಾಗಿ ಹಣ ಕೂಡಿಸಿಟ್ಟವರಿದ್ದರು. ತಿಂಗಳು ತಿಂಗಳು ವಂತಿಗೆ ಎತ್ತಿ ಪತ್ರಿಕೆ ತರಿಸುವ ನಾವು ಆ ಕಲ್ಲಿನ ಮುಂದೆ ಪರಕೀಯರಲ್ಲ.

ಗುಡ್ಡದ ಇಳಿಜಾರಿನಲ್ಲಿ ಕಾರ್ವಿ ಎಂಬ ಪೊದೆ ಹೇರಳವಾಗಿದೆ. ನಮ್ಮ ಮಲೆನಾಡಿನ ಗುರಿಗೆಯ ಬಳಗದ್ದು. ಏಳು ವರ್ಷ ಬರಿಯ ಹಸಿರಾಗಿದ್ದು ಎಂಟನೆಯ ವರ್ಷ ಮಳೆ ಹಿಂಜರಿಯುವ ಹೊತ್ತಿಗೆ ಗುಡ್ಡಕ್ಕೆ ಗುಡ್ಡವೇ ನೇರಳೆ ಬಣ್ಣವಾಗುವಂತೆ ಹೂ ಬಿಟ್ಟು, ಬೀಜ ಮಾಡಿ, ಸಾಯುತ್ತದೆ. 2016ರಲ್ಲಿ ಅರಳಿತು, 2024ರಲ್ಲಿ ಅರಳಿತು. ಮುಂದಿನ ಸರದಿ 2032. ಈ ಕಾಡಿನ ಪಾಡಾಗಳಲ್ಲಿ ಇರುವ ವಾರ್ಲಿ ಜನರು ಕಾರ್ವಿಯ ಕಡ್ಡಿ ನೆಯ್ದು ಮಣ್ಣು ಮೆತ್ತಿ ಗೋಡೆ ಕಟ್ಟಿದವರು. ಅವರ ಅಂಗಳ ನೋಟದ ವಸ್ತುವಲ್ಲ. ದಾರಿಯಲ್ಲಿ ಎದುರಾದರೆ ನಮಸ್ಕರಿಸಿ ಮುಂದೆ ಹೋಗುವುದು ಮರ್ಯಾದೆ.

ಚಿರತೆಯ ಭಯವೆಂದು ಕೆಲವರು ಹಿಂದೆಗೆಯುತ್ತಾರೆ. ಚಿರತೆ ಇರುವುದು ಸತ್ಯ. 2015ರಲ್ಲಿ ಕ್ಯಾಮರಾಗಳನ್ನಿಟ್ಟು ಎಣಿಸಿದಾಗ ಉದ್ಯಾನ ಮತ್ತು ಅದರ ಅಂಚಿನಲ್ಲಿ 35 ಚಿರತೆಗಳು ಸಿಕ್ಕವು. 2004ರಲ್ಲಿ ಚಿರತೆಗಳಿಂದ ಹಲವು ಜನ ಸತ್ತದ್ದೂ ಸತ್ಯ. ಆದರೆ ಅದು ಊರಂಚಿಗೆ ಏಕೆ ಬರುತ್ತದೆ? ನಾವು ಬಯಲಿನಲ್ಲಿ ಚೆಲ್ಲಿದ ಕಸಕ್ಕೆ ಬೀದಿನಾಯಿಗಳು ಸೇರುತ್ತವೆ, ನಾಯಿಗಳಿಗಾಗಿ ಚಿರತೆ ಬರುತ್ತದೆ. ಕಸ ಎತ್ತಿದರೆ ನಾಯಿ ಕಡಿಮೆ. ನಾಯಿ ಕಡಿಮೆಯಾದರೆ ಚಿರತೆಯ ಸುಳಿವೂ ಕಡಿಮೆ. ಸಂಜೆಯ ಮೇಲೆ ಮಕ್ಕಳನ್ನು ಒಂಟಿಯಾಗಿ ಕಾಡಿನಂಚಿಗೆ ಕಳಿಸಬಾರದು. ಕತ್ತಲಲ್ಲಿ ಬಯಲಿಗೆ ಹೋಗಿ ಕೂರಬಾರದು. ಎದುರಾದರೆ ಓಡದೆ, ಕಲ್ಲು ಬೀರದೆ, ಸುತ್ತುಗಟ್ಟದೆ, ಅದಕ್ಕೆ ಹೋಗಲು ದಾರಿ ಬಿಟ್ಟು ಮೆಲ್ಲನೆ ಹಿಂದೆ ಸರಿಯಬೇಕು.

ಇನ್ನೊಂದು ಕಷ್ಟದ ಮಾತನ್ನು ಬಿಡಲಾಗದು. ಕಾಡನ್ನು ಉಳಿಸಿ ಎಂದು 1995ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಹೋಯಿತು. 1997ರ ಆಜ್ಞೆಯಂತೆ ಕಾಡಿನೊಳಗಿನ ಸಾವಿರಾರು ಗುಡಿಸಲುಗಳು ಮುಂದೆ ನೆಲಸಮವಾದವು. ಅಲ್ಲಿದ್ದವರು ಹೊಟ್ಟೆಪಾಡಿಗೆ ಬಂದ ಬಡವರು. ಹಾಗಾದರೆ ಕಾಡು ಉಳ್ಳವರ ಗಾಳಿಸೇವನೆಗೆ ಮಾತ್ರವೆ, ಎಂದು ಕೇಳುವವರ ನೋವು ನಮಗೆ ಅರ್ಥವಾಗುತ್ತದೆ. ಬಡವನಿಗೆ ಸೂರು ಕೊಡದೆ ಕಾಡು ಉಳಿಸುತ್ತೇವೆಂಬುದು ಅರ್ಧ ನ್ಯಾಯ. ಆದರೆ ಕಾಡು ಹೋದರೆ ಮೊದಲು ನೀರಿಗೂ ನೆರಳಿಗೂ ಬಾಯಿಬಿಡುವವನೂ ಆ ಬಡವನೇ. ಉಳ್ಳವನು ತಂಪು ಹವೆಯ ಊರಿಗೆ ಹೋಗಿ ಬಂದಾನು. ನಮಗೆ ಗಾಡಿಯ ಚೀಟಿಯಲ್ಲಿ ಸಿಗುವ ಮಲೆ ಇದೊಂದೇ. ಆದ್ದರಿಂದ ಸೂರೂ ಬೇಕು, ಕಾಡೂ ಬೇಕು ಎಂದು ಕೇಳುವ ಹಕ್ಕು ನಮ್ಮದು. ಆ ಮಾತು ಕಾಡನ್ನು ಕಂಡವನ ಬಾಯಲ್ಲಿ ಬಂದರೆ ಅದಕ್ಕೆ ತೂಕ ಬರುತ್ತದೆ.

ಹೋಗುವವರಿಗೆ ನಾಲ್ಕು ಸೂಚನೆ. ಸೋಮವಾರ ಉದ್ಯಾನಕ್ಕೆ ರಜೆ, ಆ ದಿನ ಹೊರಡಬೇಡಿ. ಬೆಳಗಿನ ಮೊದಲ ಹೊತ್ತಿಗೇ ಬಾಗಿಲಿನಲ್ಲಿರಿ. ಹಕ್ಕಿಗಳ ಓಡಾಟವೂ ಆಗಲೇ. ಹಳೆಯದಾದರೂ ಪೂರ್ತಿ ಮುಚ್ಚುವ ಬೂಟು, ಮಾಸಲು ಬಣ್ಣದ ಬಟ್ಟೆ, ತಲೆಗೊಂದು ಟೋಪಿ, ತಲೆಗೆ ಎರಡು ಲೀಟರಿನಂತೆ ನೀರು ಇರಲಿ. ಕೋತಿಗಳಿಗೆ ತಿಂಡಿ ಹಾಕಬೇಡಿ. ಮಳೆಗಾಲದಲ್ಲಿ ಹಳ್ಳಕ್ಕೆ ಇಳಿಯಲೇಬೇಡಿ. ಮೇಲೆ ಸುರಿದ ಮಳೆ ಕೆಳಗಿನವನಿಗೆ ಹೇಳಿ ಬರುವುದಿಲ್ಲ. ಒಯ್ದ ಬುತ್ತಿಯ ಕಾಗದವೊಂದೂ ಅಲ್ಲಿ ಉಳಿಯಬಾರದು. ರೇಡಿಯೋ, ಮೊಬೈಲಿನ ಹಾಡು ಮನೆಯಲ್ಲೇ ಇರಲಿ.

ಮಳೆ ನಿಂತು ದಾರಿ ಒಣಗಿದ ಮೇಲೆ ಒಂದು ಭಾನುವಾರ ನಾವು ಕೆಲವರು ಕಾನ್ಹೇರಿ ರಸ್ತೆಯಲ್ಲಿ ನಡೆದು ಹೋಗುವುದೆಂದು ನಿಶ್ಚಯಿಸಿದ್ದೇವೆ. ಹತ್ತು ಜನಕ್ಕಿಂತ ಹೆಚ್ಚು ಬೇಡ. ಹೆಚ್ಚಾದರೆ ಎರಡು ತಂಡ. ಮನೆಯ ಹೆಂಗಸರೂ ಮಕ್ಕಳೂ ಬರಲಿ. ಕಾಲು ಪಳಗಿದವರಿಗೆ ಆಮೇಲೆ ಅನುಮತಿ ಪಡೆದು ಶಿಲೋಂಡಾ ದಾರಿ. ಹೆಸರು ಕೊಡುವವರಿಗಾಗಿ ಪತ್ರಿಕೆಗಳ ಮೇಜಿನ ಮೇಲೆ ಒಂದು ವಹಿ ಇಟ್ಟಿದ್ದೇವೆ, ಪೆನ್ಸಿಲನ್ನೂ ದಾರ ಕಟ್ಟಿ ಇಟ್ಟಿದ್ದೇವೆ.